ರೇವಯ್ಯನವರ ಗಟ್ಟಿ ನೆನಪು

"ಬರದಿಟ್ಟುಕೊಳ್ಳೂದು ಮರಗುಳಿ ಮಂದಿ ಕೆಲಸ! ನಂದೇನಿದ್ರೂ ತಲ್ಯಾಗ!"

ತುರೋರಿಯ ಬಸ್ ನಿಲ್ದಾಣದ ಚಹಾದಂಗಡಿಯಲ್ಲಿ ರೇವಯ್ಯನವರು ಹೀಗೆ ಗರ್ಜಿಸಿದಾಗ ಒಲೆಯ ಮೇಲಿನ ಹಾಲೇ ಬೆಚ್ಚಿ ಉಕ್ಕಿತು! ಸುತ್ತಲಿನ ಭಕ್ತರ ಮನೆಗಳಿಗೆಲ್ಲ ಇವರೇ ಅಯ್ಯನೋರು. ತೊಟ್ಟಿಲಿಂದ ಸಮಾಧಿಯವರೆಗೆ ಪೂಜೆ ಇವರದೇ. ನಾಲ್ಕು ಜನ ಕೇಳುವವರಿದ್ದರೆ ಅವರ ನೆನಪಿಗೆ ಬಲ ಬರುತ್ತಿತ್ತು. ದನಿ ಎಷ್ಟು ಜೋರೋ ನೆನಪು ಅಷ್ಟು ಖರೆ ಎಂಬುದು ಅವರ ಲೆಕ್ಕ.

ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ಗುರಮ್ಮ ತದ್ವಿರುದ್ಧ. ಜನ ಕಂಡರೆ ಸೆರಗಿನೊಳಗೆ ಸೇರುವಾಕೆ. ನಿಮ್ಮ ಹೆಸರೇನೆಂದರೂ "ಗುರಮ್ಮ ಅಂತ ಅನಸ್ತದ" ಎನ್ನುವ ಪೈಕಿ!

ಮೊನ್ನೆ ಗುಂಜೋಟಿಯಿಂದ ಒಂದು ಫೋನು, ಬೆನ್ನಿಗೇ ಮುರುಮದಿಂದ ಇನ್ನೊಂದು ಬಂದಿತ್ತು. ಒಂದು ಮನೆಯಲ್ಲಿ ವಾಸ್ತುಶಾಂತಿ, ಇನ್ನೊಂದರಲ್ಲಿ ತೀರಿಹೋದವರ ಹೆಸರಿನ ಆರಾಧನೆ.

"ಇವತ್ತ ಗುಂಜೋಟ್ಯಾಗ ಆರಾಧನಾ. ರೇವಣಪ್ಪ ಹೋಗಿಬಿಟ್ಟಾನ, ಪಾಪ!" ಎಂದರು ರೇವಯ್ಯ. ಸತ್ತವರು ಯಾರೆಂದು ಯಾರೂ ಹೇಳಿದ ನೆನಪಿರಲಿಲ್ಲ. ಆದರೆ ಆ ಮನೆಯಲ್ಲಿ ಮುದುಕ ಅವನೊಬ್ಬನೇ ಅಲ್ಲವೇ!

"ಗುಂಜೋಟ್ಯಾಗ ಹೊಸಾ ಮನಿ ವಾಸ್ತುಶಾಂತಿ ಅಂದಂಗಿತ್ತಲ್ರಿ... ನನಗ ಖಾತ್ರಿ ಇಲ್ಲ ಮತ್ತ," ಎಂದಳು ಗುರಮ್ಮ.

"ಖಾತ್ರಿ ಇಲ್ಲಂದ್ರ ಬಾಯಿ ಯಾಕ ತಗೀತಿ? ನನಗ ಖಾತ್ರಿ ಅದ!"

ಅಂಗಡಿಯಲ್ಲಿದ್ದ ಓಂಪ್ರಕಾಶ, ರೇವಣಪ್ಪನ ದೂರದ ಅಳಿಯ, ಚಹಾ ಅರ್ಧಕ್ಕೇ ಬಿಟ್ಟು ಎದ್ದೋಡಿದ. ರೇವಯ್ಯ ಅದನ್ನು ಗಮನಿಸಲಿಲ್ಲ.

ಗುಂಜೋಟಿಯ ಆ ಮನೆ ಮುಂದೆ ಚಪ್ಪರ, ಕೊಪ್ಪರಿಗೆಯಲ್ಲಿ ಅನ್ನ, ತುಂಬ ಜನ. ಎರಡಕ್ಕೂ ಒಪ್ಪುವ ನೋಟ! ರೇವಯ್ಯ ಮುಖ ಸಪ್ಪಗೆ ಮಾಡಿಕೊಂಡು ಶುರು ಮಾಡೇಬಿಟ್ಟರು:

"ಬಂಗಾರದಂಥಾ ಮನಷ್ಯಾ ಇದ್ದ ರೇವಣಪ್ಪ! ಕಾಂತಾಬಾಯಿ, ಧೈರ್ಯ ತಗೋ! ಶಿವಾ ಕೊಟ್ಟಿದ್ದ, ಶಿವಾನೇ ಕರಕೊಂಡ!"

ಹೊಸ ಇಳಕಲ್ ಸೀರೆಯುಟ್ಟು ನಿಂತಿದ್ದ ರೇವಣಪ್ಪನ ಹೆಂಡತಿ ಕಾಂತಾಬಾಯಿಯ ಕೈಯಿಂದ ಕುಂಕುಮದ ಬಟ್ಟಲು ಬಿತ್ತು.

ಅಷ್ಟರಲ್ಲಿ ಒಳಗಿಂದ ಅಯ್ಯನೋರ ಪಾದ ತೊಳೆಯಲು ತಂಬಿಗೆ ಹಿಡಿದು ಬಂದವರು ಯಾರು? ಖುದ್ದು ರೇವಣಪ್ಪ!

"ಶರಣ್ರಿ ಅಯ್ಯನೋರ. ಪಾದ ಈ ಕಡಿ ತರ್ರಿ."

ರೇವಯ್ಯ "ಶಿವಶಿವಾ!" ಎಂದು ಕಿರುಚಿ ಪಾದ ಎಳೆದುಕೊಂಡರು. ಸತ್ತವನು ಬಂದು ಪಾದ ತೊಳೆದ ಉದಾಹರಣೆ ಅವರ ವಂಶದಲ್ಲೇ ಇರಲಿಲ್ಲ!

ಆಘಾತ ಇಳಿಯುವ ಮೊದಲೇ ಜೀಪೊಂದು ಬಂದು ನಿಂತಿತು. ಓಂಪ್ರಕಾಶ ಹಾರ ಹಿಡಿದು ಇಳಿದ. ಹಿಂದೆ ಎದೆ ಬಡಿದುಕೊಳ್ಳುತ್ತ ಹೆಂಗಸರು.

"ಮಾವಾ ಸತ್ತಿದ್ದು ನಮಗ ಹೇಳಲೇ ಇಲ್ಲ! ನಾವೇನ್ ಪರಕೀಯರೇನು?" ಎಂದು ಜಗಳಕ್ಕೇ ನಿಂತ.

"ನನಗೂ ಈಗೇ ಗೊತ್ತಾತಪಾ!" ಎಂದ ರೇವಣಪ್ಪ.

ಕಾಂತಾಬಾಯಿಗೆ ಮಾತ್ರ ನಗು ಬರಲಿಲ್ಲ. ಮಂಗಳದ ದಿನ ಹೊಸಿಲಲ್ಲೇ ಅಳು ಕೇಳಿಸಿತ್ತು. "ಮುಂದ ಮೊಮ್ಮಗಳು ಮೀನಲಳ ಲಗ್ನ ಅದ. ನಮಗ ಬ್ಯಾರೆ ಅಯ್ಯನೋರೇ ಬೇಕು," ಎಂದುಬಿಟ್ಟಳು.

ತಲೆಮಾರುಗಳಿಂದ ಬಂದ ಮನೆ ಕೈಬಿಟ್ಟುಹೋಗುತ್ತಿದೆ! ರೇವಯ್ಯ ಸಣ್ಣ ದನಿಯಲ್ಲಿ "ಹಂಗನ್ನಬ್ಯಾಡವಾ," ಎಂದರು.

ಆಗ ಗುರಮ್ಮನ ಸೆರಗಿನಿಂದ ಒಂದು ದನಿ ಹೊರಬಂತು. "ತಪ್ಪು ನಂದ್ರಿ. ಅವ್ರಿಗೆ ನಾನೇ ಅದಲಾಬದಲಿ ಹೇಳಿದೆ."

"ಕೇಳ್ರಿ ಮತ್ತ! ನನ್ನ ನೆನಪು ಎಂದಾದ್ರೂ ತಪ್ಪೀತೇನು?" ರೇವಯ್ಯನವರ ದನಿಗೆ ತಟ್ಟನೆ ಜೀವ ಬಂತು.

ಕಾಂತಾಬಾಯಿ ಇಬ್ಬರನ್ನೂ ನೋಡಿದಳು. "ಅವ್ವನೋರ, ಲಗ್ನದ ಫೋನ ನಿಮಗೇ ಮಾಡ್ತೇವ್ರಿ. ಅಯ್ಯನೋರನ್ನ ನೀವೇ ಕರಕೊಂಡ ಬರ್ರಿ," ಎಂದಳು.

ಪೂಜೆ ಮುಗಿಸಿ ಬಸ್ಸು ಹತ್ತಿದರು. ರೇವಯ್ಯ ಮೆಲ್ಲಗೆ ಕೇಳಿದರು: "ಸುಳ್ಳ ಯಾಕ ಹೇಳ್ದಿ?"

"ಮೊದಲ ಸುಳ್ಳೇ ಹೇಳಿದ್ದೆ. ಆದ್ರ ನೀವು ಅಷ್ಟ ಮಂದಿ ಮುಂದ ಜೋರಾಗಿ ಅಂದ್ರಿ ನೋಡ್ರಿ... ಖರೇನೇ ನಾನೇ ತಪ್ಪಿದ್ದೆ ಅಂತ ಈಗ ಅನಸ್ಲಿಕತ್ತದ."

ರೇವಯ್ಯ ದಂಗಾದರು. ರೇವಣಪ್ಪ ಎದ್ದು ಬಂದಾಗಲೂ ಇಷ್ಟು ದಂಗಾಗಿರಲಿಲ್ಲ. ಬಸ್ಸಿಗೆ ಬಸ್ಸೇ ತಿರುಗಿ ನೋಡುವಂತೆ ಕೂಗಿದರು: "ಇಲ್ಲ! ತಪ್ಪು ನಂದು! ನಂದೇ! ಖಾತ್ರಿ ಅದ!"

ಗುರಮ್ಮ ಸುತ್ತ ನೋಡಿ ಸೆರಗು ಮುಂದೆಳೆದುಕೊಂಡಳು.

"ಮೆಲ್ಲಗ ಅನ್ರಿ. ಇನ್ನ ಮ್ಯಾಲ ನೀವು ಜೋರಾಗಿ ಅಂದ್ರ ನನಗ ನಂಬಿಕಿ ಬರೂದಿಲ್ಲ."