ಗೇರಿಲ್ಲದ ಕಾರು, ಗೇರು ಬಾರದ ಅಳಿಯ

ಆ ಮನೆಯ ಗಂಡಹೆಂಡಿರ ಜಗಳಕ್ಕೆಲ್ಲ ಮೂಲ ಒಂದೇ ಒಂದು ಗುಂಡಿ. ಅಂಗಿಯ ಗುಂಡಿಯಲ್ಲ, ರಸ್ತೆಯ ಗುಂಡಿಯೂ ಅಲ್ಲ (ಆ ಊರಿನ ರಸ್ತೆಗಳಲ್ಲಿ ಗುಂಡಿಗಳಿರಲಿಲ್ಲ, ಹೊರದೇಶಕ್ಕೆ ಬಂದು ನೆಲೆಸಿದ ಅವರಿಗೆ ಇದ್ದ ಸಮಾಧಾನಗಳಲ್ಲಿ ಅದೂ ಒಂದು). ಅದು ಕಾರಿನ ಏಸಿ ಗುಂಡಿ. ಹೆಂಡತಿ ಅದನ್ನು ಒತ್ತುವಳು, ಗಂಡ ಆರಿಸುವನು. ಮತ್ತೆ ಒತ್ತುವಳು, ಮತ್ತೆ ಆರಿಸುವನು.

"ರೀ, ಬೆವರು ಬೆನ್ನಲ್ಲಿ ಹರೀತಾ ಇದೆ."

"ಕಿಟಕಿ ತೆಗಿ, ಗಾಳಿ ಬರುತ್ತೆ."

"ಹೊರಗಿಂದ ಬರ್ತಿರೋದು ಗಾಳಿ ಅಲ್ಲ, ಹಬೆ."

"ಏಸಿ ಹಾಕಿದ್ರೆ ಚಾರ್ಜು ಇಳಿಯುತ್ತೆ ಕಣೆ."

"ಇಳೀಲಿ ಬಿಡಿ, ನಾನೇ ಇಳಿದುಹೋಗ್ತಾ ಇದ್ದೀನಲ್ಲ!"

ವರ್ಷಪೂರ್ತಿ ಒಂದೇ ಬಿಸಿಲು, ಒಂದೇ ಸೆಕೆ, ಮಧ್ಯಾಹ್ನವಾದರೆ ಗುಡುಗು ಮಳೆ, ಮಳೆ ನಿಂತರೆ ಮತ್ತೂ ಸೆಕೆ ಎನ್ನುವಂಥ ಊರು ಅದು. ಅಂಥ ಊರಿನಲ್ಲಿ ಶೀತಲೀಕರಣ ನಿಷೇಧಾಜ್ಞೆ ಜಾರಿಗೊಳಿಸಿದ ಗಂಡಸನ್ನು ಕ್ರೂರಿಯೆಂದು ತಿಳಿಯಬಾರದು. ಪಾಪದವನು. ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ದಿನವಿಡೀ ಕತ್ತಲೆ ಕೋಣೆಯಲ್ಲಿ ಕೂತು ಮಸೂರಗಳನ್ನು ಬದಲಿಸುತ್ತ, "ಈಗ ಚೆನ್ನಾಗಿ ಕಾಣುತ್ತಾ? ಈಗ?" ಎಂದು ಮೆತ್ತಗೆ ಕೇಳುವವನು. ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಕೊಳದ ಈ ತುದಿಯಲ್ಲಿ ನಿಂತು ಆ ತುದಿಯ ಮಗುವಿಗೆ "ಕಾಲು ಬಡಿ!" ಎಂದು ಕೂಗುವುದು ಅವಳ ಕಸುಬು. ಮೆತ್ತಗಿನ ದನಿಗೂ ಕೊಳದ ದನಿಗೂ ವಾದ ನಡೆದರೆ ಗೆಲ್ಲುವುದು ಯಾರೆಂದು ಬೇರೆ ಹೇಳಬೇಕಿಲ್ಲ. ಏಸಿಯ ವಿಷಯವೊಂದರಲ್ಲಿ ಮಾತ್ರ ಅವನು ಕಲ್ಲಾಗಿದ್ದ. ನಡುರಸ್ತೆಯಲ್ಲಿ ಚಾರ್ಜು ಮುಗಿದು ಕಾರು ನಿಂತುಬಿಟ್ಟರೆ ಎಂಬ ಭಯ ಅವನ ನಿದ್ದೆ ಕೆಡಿಸಿತ್ತು.

ಕರೆಂಟಿನ ಕಾರನ್ನೇ ಯಾಕೆ ಕೊಂಡೆ ಎಂದು ಕೇಳಿದವರಿಗೆಲ್ಲ ಅವನು ಹೊಗೆ, ಹವಾಮಾನ, ಮುಂದಿನ ಪೀಳಿಗೆ ಎಂದು ದೊಡ್ಡ ದೊಡ್ಡ ಮಾತಾಡುತ್ತಿದ್ದ. ನಿಜವಾದ ಕಾರಣ ಬೇರೆಯೇ ಇತ್ತು. ಅದರಲ್ಲಿ ಕ್ಲಚ್ಚಿರಲಿಲ್ಲ, ಗೇರಿರಲಿಲ್ಲ.

ಮಾವನವರು, ಅಂದರೆ ಹೆಂಡತಿಯ ತಂದೆ, ಊರಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸಿದವರು. ಮದುವೆಗೆ ಮೊದಲು ಇವನು ಅಲ್ಲಿಗೇ ಕಾರು ಕಲಿಯಲು ಹೋಗಿದ್ದ. ಕ್ಲಚ್ಚು ಬಿಡುವಾಗ ಗಾಡಿ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು. ರಿವರ್ಸ್ ಕಲಿಯುವ ದಿನ ಸ್ಕೂಲಿನ ಕಾಂಪೌಂಡು ಗೋಡೆಯನ್ನೇ ಕೆಡವಿದ್ದ. ಆ ಗದ್ದಲಕ್ಕೆ ಏನಾಯಿತೆಂದು ನೋಡಲು ಮನೆಯೊಳಗಿಂದ ಓಡಿಬಂದವಳೇ ಈಗಿನ ಹೆಂಡತಿ. ಅವಳು ನಕ್ಕಳು, ಇವನೂ ನಕ್ಕ, ಮಾವ ಒಬ್ಬರೇ ನಗಲಿಲ್ಲ. ಆಮೇಲೆ ಮದುವೆಗೇನೋ ಒಪ್ಪಿದರು. ಆದರೆ "ಕಲಿಯೋಕೆ ಬಂದದ್ದು ಡ್ರೈವಿಂಗು, ಕಲೀದೆ ಕರಕೊಂಡು ಹೋಗಿದ್ದು ನನ್ನ ಮಗಳನ್ನ" ಎಂಬ ಮಾತನ್ನು ಎಷ್ಟೋ ವರ್ಷ ಬಂದ ನೆಂಟರ ಮುಂದೆಲ್ಲ ಆಡಿದರು.

ಆ ಮಾವ ಈಗ ಮಗಳ ಮನೆಯಲ್ಲಿ ಮೂರು ತಿಂಗಳಿದ್ದು ಹೋಗಲು ಬರುತ್ತಿದ್ದರು. ಕಾರನ್ನು ಒಳಗೂ ಹೊರಗೂ ಒರೆಸಿ, ಹೊಸ ಅಂಗಿ ತೊಟ್ಟು, ಹೆಂಡತಿಯ ಜೊತೆ ಅವನು ವಿಮಾನ ನಿಲ್ದಾಣಕ್ಕೆ ಹೋದ. ಎತ್ತರದ ಆಳಾದ ಮಾವ ಮುಂದಿನ ಸೀಟಿನಲ್ಲಿ ಮೊಣಕಾಲು ಮಡಿಸಿ ಕೂತು ಬೆಲ್ಟು ಕಟ್ಟಿಕೊಂಡರು. ಕಾದರು.

"ಸ್ಟಾರ್ಟ್ ಮಾಡಿ ಅಳಿಯಂದ್ರೆ."

"ಆಗಿದೆ ಮಾವ. ಗೇಟು ದಾಟಿದೀವಿ."

ಮಾವ ಗಾಬರಿಯಿಂದ ಹೊರಗೆ ನೋಡಿದರು. ಕಂಬಗಳು ಹಿಂದಕ್ಕೆ ಓಡುತ್ತಿದ್ದವು. ಮೊದಲ ಸಿಗ್ನಲ್ಲು ಬಂದಾಗ ಅವನು ಆಕ್ಸಿಲರೇಟರಿನಿಂದ ಕಾಲು ತೆಗೆದ. ಆ ಜಾತಿಯ ಕಾರಿನ ರೀತಿಯಂತೆ ಅದು ಬ್ರೇಕು ಒತ್ತದೆಯೇ ನಿಧಾನವಾಯಿತು. ಮಾವ ತಮ್ಮ ಕಾಲಡಿ ಇಲ್ಲದ ಬ್ರೇಕನ್ನು ಗಟ್ಟಿಯಾಗಿ ತುಳಿದು, "ಇಂಜಿನ್ ಸೀಜಾಯ್ತು!" ಎಂದು ಕೂಗಿದರು.

"ಇದಕ್ಕೆ ಇಂಜಿನ್ನೇ ಇಲ್ಲ ಮಾವ."

"ಇಂಜಿನ್ ಇಲ್ವಾ?"

"ಇಲ್ಲ."

"ಗೇರು?"

ಹಿಂದಿನ ಸೀಟಿನಿಂದ ಹೆಂಡತಿ, "ಅದೂ ಇಲ್ಲ ಅಪ್ಪ, ಅದಕ್ಕೇ ತಗೊಂಡಿದ್ದು" ಎಂದಳು. ಮಾವ ಕರವಸ್ತ್ರದಿಂದ ಕತ್ತು ಒರೆಸಿಕೊಂಡರು. ಏಸಿಯ ಕಡೆ ಕೈ ಚಾಚಿದರು. ಅಳಿಯ ಬಹಳ ಗೌರವದಿಂದ, ಎರಡೇ ಬೆರಳಲ್ಲಿ, ಆ ಕೈಯನ್ನು ಸರಿಸಿದ. "ಮನೆವರೆಗೆ ಚಾರ್ಜು ಬರಬೇಕಲ್ಲ ಮಾವ."

ಮನೆ ತಲುಪುವ ಹೊತ್ತಿಗೆ ಮಾವನ ಅಂಗಿ ಒದ್ದೆಯಾಗಿ ಮೈಗಂಟಿತ್ತು. ಇಳಿದು ಕಾರನ್ನು ಒಂದು ಸುತ್ತು ಬಂದು, ಟೈರನ್ನು ಕಾಲಿನಿಂದ ತಟ್ಟಿ, ತೀರ್ಪು ಕೊಟ್ಟರು: "ಇದು ಗಾಡಿ ಅಲ್ಲ ಅಳಿಯಂದ್ರೆ. ಚಕ್ರ ಇರೋ ಮೊಬೈಲು."

ಮರುದಿನದಿಂದ ಅವರು ಆ ಕಾರು ಹತ್ತಲಿಲ್ಲ. ಎಲ್ಲಿಗೆ ಹೋಗಬೇಕಿದ್ದರೂ ಬಸ್ಸು. ಬಸ್ಸಿನಲ್ಲಿ ಡ್ರೈವರನ ಹಿಂದೆಯೇ ಕೂತು, ಅವನು ಗೇರು ಬದಲಿಸುವ ಸದ್ದಿಗೆ ತಲೆದೂಗಿ, ಮನೆಗೆ ಬಂದು "ಎಂಥ ಕೈ ಆ ಡ್ರೈವರಂದು!" ಎಂದು ಮಗಳ ಮುಂದೆ ಹೊಗಳುವರು. ಅಳಿಯ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೇಳಿಸಿಕೊಳ್ಳುವನು. ದೇಶ ಬಿಟ್ಟು ಬಂದು, ಪರಭಾಷೆ ಕಲಿತು, ಗುರುತಿಲ್ಲದವರ ಕಣ್ಣು ತಿದ್ದಿ ಹೆಸರು ಮಾಡಿದ್ದ. ಒಬ್ಬರ ಕಣ್ಣಿಗೆ ಮಾತ್ರ ತಾನು ಈಗಲೂ ಗೋಡೆ ಕೆಡವಿದ ಹುಡುಗ. ಅದು ಅವನ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು.

ಹೀಗಿರುವಾಗ ಒಂದು ರಜೆಯ ಮಧ್ಯಾಹ್ನ ಆಕಾಶ ಕಪ್ಪಾಯಿತು. ಆ ಊರಿಗೆ ಮಳೆ ಹೊಸದಲ್ಲ, ಆದರೆ ಅವತ್ತಿನದು ಬೇರೆ. ಸಿಡಿಲಿನ ಹಿಂದೆಯೇ ಬೀದಿಯ ಕೊನೆಯಲ್ಲಿ ಟ್ರಾನ್ಸ್‌ಫಾರ್ಮರು ಢಂ ಎಂದಿತು. ಫ್ಯಾನು ನಿಂತಿತು, ಲಿಫ್ಟು ನಿಂತಿತು, ಎರಡನೇ ಮಹಡಿಯ ಅವರ ಮನೆ ಮುಚ್ಚಿದ ಪಾತ್ರೆಯಂತಾಯಿತು.

ಮಾವನಿಗೆ ಉಬ್ಬಸವಿತ್ತು. ತಂಡಿ ಹೆಚ್ಚಾದಾಗ, ಔಷಧಿಯನ್ನು ಆವಿ ಮಾಡಿ ಮೂಗಿಗೆ ಕೊಡುವ ಒಂದು ಪುಟ್ಟ ಯಂತ್ರವನ್ನು ಮುಖಕ್ಕೆ ಹಿಡಿದು ಕೂರುವರು. ಅವತ್ತು ಬೆಳಗಿನಿಂದಲೇ ಎದೆ ಬಿಗಿಯುತ್ತಿತ್ತು, ಹೇಳಿರಲಿಲ್ಲ. ಈಗ ಉಸಿರಿನ ಜೊತೆ ಸಿಳ್ಳೆಯಂಥ ಸದ್ದು ಬರತೊಡಗಿತು. ಜೇಬಿನಲ್ಲಿಟ್ಟುಕೊಳ್ಳುವ ಪಂಪನ್ನು ಬಾಯಿಗೆ ಹಿಡಿದು ಒತ್ತಿದರು. ಸಾಲಲಿಲ್ಲ. ಮತ್ತೆ ಒತ್ತಿದರು. ತುಟಿ ನೀಲಿಗೆ ತಿರುಗುತ್ತಿತ್ತು. ಯಂತ್ರ ಮೇಜಿನ ಮೇಲೆಯೇ ಇತ್ತು. ಕರೆಂಟಿರಲಿಲ್ಲ.

ಹೆಂಡತಿ ಆಂಬುಲೆನ್ಸಿಗೆ ಫೋನು ಮಾಡಿದಳು. ಹೊರಟಿದೆ, ಆದರೆ ರಸ್ತೆಯಲ್ಲಿ ನೀರು ನಿಂತಿರುವುದರಿಂದ ತಡವಾಗಬಹುದು ಎಂದರು. ಗೇಟಿನ ಮುಂದೆ ಮೊಣಕಾಲುದ್ದ ನೀರು. ಕಾರು ನಿಂತ ಜಾಗ ಎತ್ತರದಲ್ಲಿದ್ದರಿಂದ ಅಲ್ಲಿಗೆ ನೀರು ಬಂದಿರಲಿಲ್ಲ, ಆದರೆ ಹೊರಗೆ ಹೋಗುವಂತಿರಲಿಲ್ಲ. ಅವಳ ಕೊಳದ ದನಿ ಅವತ್ತು ಮೊದಲ ಬಾರಿಗೆ ಉಡುಗಿತು. "ರೀ, ಏನಾದ್ರೂ ಮಾಡ್ರಿ" ಎಂದಳು, ಪಿಸುಮಾತಿನಂತೆ.

ಅವನು ಯಂತ್ರದ ವೈರು ಕೈಯಲ್ಲಿ ಹಿಡಿದು, ಗೋಡೆಯ ಸತ್ತ ಪ್ಲಗ್ಗನ್ನೇ ನೋಡುತ್ತ ನಿಂತಿದ್ದ. ಆಗ ಹೊಳೆಯಿತು. ಕಾರಿನ ಹಿಂದಿನ ಸೀಟಿನ ಕೆಳಗೆ ಒಂದು ಪ್ಲಗ್ಗಿದೆ. ಅದು ಮನೆಯ ಪ್ಲಗ್ಗಿನಂಥದ್ದೇ. ಚಾರ್ಜು ವ್ಯರ್ಥವಾದೀತೆಂದು ಅದನ್ನು ಒಮ್ಮೆಯೂ ಬಳಸಿರಲಿಲ್ಲ.

"ಕೆಳಗೆ! ಮಾವನ್ನ ಕಾರಿಗೆ ಕರಕೊಂಡು ಹೋಗೋಣ!"

"ನಡೆಯೋಕಾಗಲ್ಲ ಅವರಿಗೆ."

"ಕುರ್ಚಿ ತಗೋ."

ಎದುರು ಮನೆಯಲ್ಲಿ ಒಬ್ಬರು ಪಿಟೀಲು ಮೇಷ್ಟ್ರಿದ್ದರು, ಬೇರೊಂದು ದೇಶದವರು. ಇವರಿಗೂ ಅವರಿಗೂ ಅದುವರೆಗೆ ಮುಗುಳ್ನಗೆಯಷ್ಟೇ ಬಳಕೆ. ಬಾಗಿಲು ಬಡಿದು ಕೈಸನ್ನೆ ಮಾಡಿದ್ದೇ ತಡ, ಬರಿಗಾಲಲ್ಲಿ ಓಡಿಬಂದರು. ಊಟದ ಮೇಜಿನ ಕುರ್ಚಿಯಲ್ಲಿ ಮಾವನನ್ನು ನೆಟ್ಟಗೆ ಕೂರಿಸಿ, ಮೇಷ್ಟ್ರು ಬೆನ್ನಿನ ಕಡೆ ಹಿಡಿದರು, ಅಳಿಯ ಕಾಲಿನ ಕಡೆ ಹಿಡಿದ. ಹೆಂಡತಿ ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಮೊಬೈಲಿನ ಬೆಳಕು ಬಿಟ್ಟಳು. ಮೆಟ್ಟಿಲು ಕಡಿದು, ಕತ್ತಲೆ. ಕಾಲಿನ ಕಡೆ ಹಿಡಿದವನು ಬೆನ್ನು ಹಿಂದಾಗಿ ಇಳಿಯಬೇಕು.

ಒಂದು ಮೆಟ್ಟಿಲಿಳಿದು ಅವನು ನಿಂತುಬಿಟ್ಟ. ಹಿಂದೆ ಏನಿದೆಯೆಂದು ಕಾಣದು.

ಆಗ ಮಾವ ಕಣ್ಣು ತೆರೆದರು. ಅವರಿಗೆ ಅಳಿಯನ ಭುಜದಾಚೆಯ ಮೆಟ್ಟಿಲುಗಳು ಕಾಣುತ್ತಿದ್ದವು.

"ರಿವರ್ಸಲ್ಲಿ... ಬನ್ನಿ" ಎಂದರು ಏದುಸಿರಲ್ಲಿ. "ನನ್ನ... ನೋಡಿ. ಹಿಂದೆ... ನೋಡ್ಬೇಡಿ."

"ಅಪ್ಪ, ಮಾತಾಡ್ಬೇಡಿ!"

"ನೀನು... ಸುಮ್ನಿರೆ. ಎಡಕ್ಕೆ... ಸ್ವಲ್ಪ. ಸಾಕು. ಇನ್ನೊಂದು... ಬರ್ಲಿ."

ಅವನು ಮಾವನ ಮುಖವನ್ನೇ ನೋಡುತ್ತ ಕಾಲು ಹಿಂದಿಟ್ಟ. ಇನ್ನೊಂದು ಮೆಟ್ಟಿಲು, ಮತ್ತೊಂದು. ತಿರುವು ಬಂದಾಗ ಮಾವ ಬೆರಳೆತ್ತಿ ಗಾಳಿಯಲ್ಲಿ ಸ್ಟಿಯರಿಂಗು ತಿರುಗಿಸಿದರು. ಅವನು ಸೊಂಟ ತಿರುಗಿಸಿದ. ಗೋಡೆ ಅವನ ಮೊಣಕೈಗೆ ತಾಗದೆ ಪಕ್ಕದಲ್ಲೇ ಹಾದುಹೋಯಿತು. ಕೆಳಗಿಳಿಯುವವರೆಗೆ ಎಲ್ಲಿಯೂ ಕುರ್ಚಿ ಗೋಡೆಗೆ ತಾಗಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಮಾವನನ್ನು ಕೂರಿಸಿ, ಯಂತ್ರದ ವೈರನ್ನು ಸಿಕ್ಕಿಸಿದರು. ಗುರ್ ಎಂದು ಯಂತ್ರ ಮಾತಾಡಿತು. ಅಂಥ ಇಂಪಾದ ಸದ್ದನ್ನು ಪಿಟೀಲು ಮೇಷ್ಟ್ರು ಕೂಡ ಕೇಳಿರಲಾರರು. ಆವಿ ಬಂತು. ಅಳಿಯ ಯಾರೂ ಕೇಳದೆ, ತಾನೇ ಕೈ ಚಾಚಿ, ಏಸಿಯನ್ನು ಪೂರ್ತಿ ಹಾಕಿದ. ಹೆಂಡತಿ ಅವನ ಕಡೆ ನೋಡಿದ ಆ ನೋಟವನ್ನು ಅವನು ಮದುವೆಯಾದಾಗಲೂ ಕಂಡಿರಲಿಲ್ಲ.

ಸಿಳ್ಳೆಯ ಸದ್ದು ಮೆಲ್ಲಮೆಲ್ಲನೆ ಇಳಿಯಿತು. ತುಟಿಗೆ ಬಣ್ಣ ಬಂತು. ಅವಳು ಅಪ್ಪನ ಭುಜಕ್ಕೆ ಹಣೆಯಿಟ್ಟು ಅತ್ತಳು. ಅವನು ಸ್ಟಿಯರಿಂಗಿಗೆ ಹಣೆಯಿಟ್ಟು ಸದ್ದಿಲ್ಲದೆ ಅತ್ತ. ಆಂಬುಲೆನ್ಸಿನವರು ನೀರು ಸೀಳಿಕೊಂಡು ಬಂದಾಗ ಮಾವ ಮಗುವಿನಂತೆ ನಿದ್ದೆಹೋಗಿದ್ದರು. ಪರೀಕ್ಷೆ ಮಾಡಿದವರು, ಒಳ್ಳೆಯ ಕೆಲಸ ಮಾಡಿದಿರಿ, ಇವರನ್ನು ಕೆಲವು ದಿನ ತೇವವಿಲ್ಲದ ತಂಪುಗಾಳಿಯಲ್ಲಿ ಇರಿಸಿಕೊಳ್ಳಿ ಎಂದು ಹೇಳಿಹೋದರು.

ಅದನ್ನು ಹೇಳದೆ ಹೋಗಿದ್ದರೆ ಅವನಿಗೆ ಚೆನ್ನಾಗಿತ್ತು.

ಮಾವ ವೈದ್ಯೋಪದೇಶವನ್ನು ಶಿರಸಾವಹಿಸಿದರು. ಮನೆಯಲ್ಲಿ ಏಸಿ ಇತ್ತು, ಆದರೆ ಅದು ಗೊರಗೊರ ಎನ್ನುತ್ತಿತ್ತಂತೆ. ಕಾರಿನದು ಸದ್ದು ಮಾಡದಂತೆ. (ಅದು ಗಾಡಿಯೇ ಅಲ್ಲ ಎಂದವರು ಇವರೇ.) ಬೆಳಗಿನ ತಿಂಡಿಯಾದ ಮೇಲೆ ದಿಂಬು, ಪೇಪರು, ಯಂತ್ರ ಎತ್ತಿಕೊಂಡು ಕೆಳಗಿಳಿದರೆ ಸಂಜೆಯೇ ಮೇಲೆ ಬರುವರು. ಕಾರು ಅವರ ಬೈಠಕ್ಕಾಯಿತು. ಪಿಟೀಲು ಮೇಷ್ಟ್ರು ಬಂದು ಜೊತೆಗೆ ಕೂರತೊಡಗಿದರು; ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರೂ ಗಂಟೆಗಟ್ಟಲೆ ಅದೇನು ಮಾತಾಡುತ್ತಿದ್ದರೋ. ಮೇಷ್ಟ್ರ ಹೆಂಡತಿಯೂ ಬಂದಳು.

"ಮಾವ, ನಂಗೆ ಕೆಲಸಕ್ಕೆ ಹೋಗ್ಬೇಕಿತ್ತು, ಕಾರು..." ಎಂದ ಅವನು ಒಂದು ಬೆಳಿಗ್ಗೆ, ಕಿಟಕಿಯ ಗಾಜು ತಟ್ಟಿ.

"ಬಸ್ಸು ಚೆನ್ನಾಗಿದೆ ಅಳಿಯಂದ್ರೆ" ಎಂದರು ಮಾವ. "ಡ್ರೈವರ್ ಹಿಂದಿನ ಸೀಟು ಹಿಡೀರಿ."

ಅವನು ಹೆಂಡತಿಗೆ ದೂರು ಕೊಟ್ಟ. ಅವಳು, "ಅಪ್ಪನ ಉಸಿರು ಮುಖ್ಯಾನೋ, ನಿಮ್ಮ ಚಾರ್ಜು ಮುಖ್ಯಾನೋ?" ಎಂದು ಕೇಳಿದಳು. ಆ ಪ್ರಶ್ನೆಗೆ ಯಾವ ಮಸೂರ ಹಾಕಿದರೂ ಒಂದೇ ಉತ್ತರ ಕಾಣುತ್ತಿತ್ತು. ಮೂರು ತಿಂಗಳು ಮುಗಿಯಿತು. ಮಾವ ಊರಿಗೆ ಹೊರಡುವ ಮಾತೆತ್ತಲಿಲ್ಲ. ವೀಸಾ ಮುಂದುವರಿಸಲು ಏನು ಮಾಡಬೇಕೆಂದು ವಿಚಾರಿಸತೊಡಗಿದರು.

ಒಂದು ಸಂಜೆ ಅವನು ಕನ್ನಡಕದಂಗಡಿಯ ಮುಂದಿನ ಬಸ್ ನಿಲ್ದಾಣದಲ್ಲಿ ನಿಂತಿದ್ದ. ಸಣ್ಣಗೆ ಮಳೆ. ಅಷ್ಟರಲ್ಲಿ ಅವನ ಕಾರೇ ಸದ್ದಿಲ್ಲದೆ ಬಂದು ಮುಂದೆ ನಿಂತಿತು. ಹೆಂಡತಿ ನಡೆಸುತ್ತಿದ್ದಳು, ಪಕ್ಕದಲ್ಲಿ ಮಾವ. ಹಿಂದೆ ಪಿಟೀಲು ಮೇಷ್ಟ್ರು, ಅವರ ಹೆಂಡತಿ, ಇಬ್ಬರ ನಡುವೆ ಸೀಟು ತುಂಬ ಮಲಗಿದ ಪಿಟೀಲು. ಮೇಷ್ಟ್ರ ಸಂಗೀತ ಕಚೇರಿಗೆ ಎಲ್ಲರೂ ಹೊರಟಿದ್ದರು. ತನ್ನನ್ನು ಕಂಡು ನಿಲ್ಲಿಸಿದರಲ್ಲ ಎಂದು ಅವನ ಎದೆ ತುಂಬಿಬಂತು. ಓಡಿಹೋಗಿ ಬಾಗಿಲಿನ ಹಿಡಿಗೆ ಕೈ ಹಾಕಿದ.

ಮಾವ ಗಾಜನ್ನು ಎರಡು ಬೆರಳಷ್ಟು ಇಳಿಸಿದರು.

"ಬಾಗಿಲು ತೆಗೀಬೇಡಿ ಅಳಿಯಂದ್ರೆ, ತಂಪು ಹೋಗುತ್ತೆ. ಜಾಗಾನೂ ಇಲ್ಲ. ಮನೇಲಿ ಅಡುಗೆ ಆಗಿದೆ ಅಂತ ಹೇಳೋಣ ಅಂತ ನಿಲ್ಲಿಸಿದ್ವಿ."

ಗಾಜು ಏರತೊಡಗಿತು. ಅದು ಪೂರ್ತಿ ಮುಚ್ಚುವ ಮೊದಲು ಮಾವ ಹಿಂದಕ್ಕೆ ತಿರುಗಿ, ಇವನ ಕಡೆ ಹೆಬ್ಬೆರಳು ತೋರಿಸಿ, ತಮಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ಮೇಷ್ಟ್ರಿಗೆ ಹೆಮ್ಮೆಯಿಂದ ಹೇಳುತ್ತಿದ್ದುದು ಅವನ ಕಿವಿಗೆ ಬಿತ್ತು.

"ಮೈ ಸನ್ ಇನ್ ಲಾ. ವೆರಿ ಗುಡ್ ಡ್ರೈವರ್!"

ಕಾರು ಹೊರಟುಹೋಯಿತು. ವೆರಿ ಗುಡ್ ಡ್ರೈವರು ಮಳೆಯಲ್ಲಿ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದ, ಮುಖ ಅರಳಿಸಿಕೊಂಡು. ಅಷ್ಟರಲ್ಲಿ ಅವನ ಬಸ್ಸು ಬಂದು, ನಿಂತು, ಹೊರಟುಹೋದದ್ದು ಅವನಿಗೆ ಕಾಣಲೇ ಇಲ್ಲ.