ಓವನ್ನಿನ ಫ್ಯಾನೂ ನನ್ನ ಬೆರಳೂ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಮೊಬೈಲಿನ ಚಟ. ನನಗಿರುವುದು ಸ್ವಿಚ್ ಬಂದ್ ಮಾಡುವ ಚಟ. ಯಾರ ಮನೆಗೇ ಹೋಗಲಿ, ಖಾಲಿ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ನನಗೆ ಚಹಾ ರುಚಿಸುವುದಿಲ್ಲ. ಒಮ್ಮೆ ಮುಧೋಳದ ಬೀಗರ ಮನೆಯಲ್ಲಿ ಬಚ್ಚಲಿನ ದೀಪ ಆರಿಸಿಬಿಟ್ಟೆ. ಒಳಗೆ ಬೀಗರು ಸ್ನಾನ ಮಾಡುತ್ತಿದ್ದರು. ಕರೆಂಟ್ ಹೋಯಿತೆಂದೇ ಅವರು ಇವತ್ತಿಗೂ ನಂಬಿದ್ದಾರೆ, ಆ ನಂಬಿಕೆ ಕೆಡಿಸಲು ನಾನೂ ಹೋಗಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಾದ್ದರಿಂದ ನನ್ನ ಚಟಕ್ಕೆ ವಿದ್ಯುತ್ ಉಳಿತಾಯ ಎಂಬ ಮರ್ಯಾದೆಯ ಹೆಸರೂ ಇದೆ. ಶಹಾಬಾದಿನ ನಮ್ಮ ಮನೆಯ ಎಲ್ಲ ಸ್ವಿಚ್ ಬೋರ್ಡುಗಳ ಮೇಲೂ ‘ಕೆಲಸ ಮುಗಿದ ಕೂಡಲೇ ಬಂದ್ ಮಾಡಿ’ ಎಂಬ ಚೀಟಿ ನನ್ನ ದುಂಡಗಿನ ಅಕ್ಷರದಲ್ಲಿ ಅಂಟಿಕೊಂಡಿದೆ.

ನನ್ನ ಹೆಂಡತಿ ಸುಮಂಗಲಾಳ ಅಣ್ಣ ಕಲಬುರಗಿಯಲ್ಲಿ ಅಡುಗೆಮನೆ ಹೊಸದು ಮಾಡಿಸಿದಾಗ ಅವರ ಹಳೆಯ ಓವನ್ ನಮ್ಮ ಪಾಲಿಗೆ ಬಂತು. ಫರಸಿ ಕಲ್ಲಿನ ಕಟ್ಟೆಯ ಕೆಳಗೆ ಗೂಡು ಮಾಡಿಸಿ ಅದನ್ನು ಕೂರಿಸಿದೆವು. ಸುಮಂಗಲಾ ಅದರಲ್ಲಿ ನಾನಖಟಾಯಿ ಬಿಸ್ಕತ್ತು ಮಾಡಲು ಕಲಿತಳು, ಭಾಳ ಚೆನ್ನಾಗಿ ಕಲಿತಳು. ಐನಾಪುರದಲ್ಲಿ ಅವಳ ತಂಗಿಯ ಮಗಳ ಕುಬಸ, ಅಂದರೆ ಸೀಮಂತವಿತ್ತು. ಬಂದವರಿಗೆಲ್ಲ ತನ್ನ ಕೈಯ ನಾನಖಟಾಯಿಯನ್ನೇ ಮಾಡಿಕೊಡುತ್ತೇನೆಂದು ಮಾತು ಕೊಟ್ಟಿದ್ದಳು. ಇನ್ನು ನಾಲ್ಕು ದಿನವಿದೆ ಎನ್ನುವಾಗ ಓವನ್ನಿನ ತಲೆಯ ಮೇಲಿನ ತಂಪು ಮಾಡುವ ಫ್ಯಾನು ಕಿರ್ರೆಂದು ಅರಚಿ ನಿಂತಿತು. ಮುಂಭಾಗ ಮುಟ್ಟಲಾಗದಷ್ಟು ಕಾಯ್ದು, ಓವನ್ನು ತಾನೇ ಬಂದಾಯಿತು. ನಾನು ತಡಮಾಡದೆ ತೀರ್ಪು ಕೊಟ್ಟೆ: “ದಿನಾ ಹಚ್ಚಿ ಹಚ್ಚಿ ಅದರ ಜೀವಾ ತೆಗದಿ ನೋಡು. ಮಿಷಿನ್‌ಗೂ ಒಂದು ಮಿತಿ ಇರ್ತದ.”

ಅವಳು ಓವನ್ನಿನ ಮೇಲೊಂದು ಬಟ್ಟೆ ಹೊದಿಸಿ ತಂಗಿಗೆ ಫೋನು ಹಚ್ಚಿದಳು. “ಅಂಗಡ್ಯಾಗಿಂದೇ ತರಸವ್ವಾ. ನಂದೇ ತಪ್ಪು, ಭಾಳ ಹಚ್ಚಿ ಸುಟ್ಟೀನಿ” ಎಂದಳು. ಕೇಳಿ ನನಗೆ ಸಂಕಟವಾಯಿತು, ಆಗಬೇಕಾದಷ್ಟು ಆಗಲಿಲ್ಲ.

ಆದರೂ ಕುಬಸದ ದಿನದೊಳಗೆ ರಿಪೇರಿ ಮಾಡಿಯೇ ತೀರುತ್ತೇನೆಂದು ಹೊರಟೆ. ಪ್ಲಗ್ ಕಿತ್ತು, ಓವನ್ನನ್ನು ಗೂಡಿನಿಂದ ಎಳೆದು, ಮೇಲಿನ ತಗಡು ಬಿಚ್ಚಿದೆ. ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದರೆ, ಮೊದಲ ಬೆಂಚಿನ ಮುಂದೆ ಕರೆದ ಕೊನೆಯ ಬೆಂಚಿನ ಹುಡುಗನಂತೆ ಒಂದೇ ಒಂದು ಹೆಜ್ಜೆ ಸರಿದು ನಿಂತಿತು. ಶಾಲೆಯ ಪ್ರಯೋಗಾಲಯದಿಂದ ಮಲ್ಟಿಮೀಟರ್ ತಂದಿದ್ದೆ. ಅದರ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿದರೆ ಮುಳ್ಳು ಚಂಗನೆ ಹಾರಿತು. ಮೋಟಾರಿನ ಎರಡು ತುದಿಗಳಿಗೆ ತಾಗಿಸಿದರೆ ಮಿಸುಕಲಿಲ್ಲ. ಒಳಗೆ ತಂತಿ ಸುಟ್ಟು ಕಡಿದಿದೆ ಎಂದು ಇಪ್ಪತ್ತು ವರ್ಷ ಪಾಠ ಮಾಡಿದ ಗತ್ತಿನಿಂದ ಸಾರಿದೆ. ಮೋಟಾರನ್ನು ಊಟದ ಡಬ್ಬಿಯ ಚೀಲದಲ್ಲಿ ಹಾಕಿಕೊಂಡು ವಾಡಿಗೆ ಹೋದೆ.

ವಾಡಿಯ ಮಹಬೂಬ್ ಭಾಯ್ ಕೂಲರ್, ಮಿಕ್ಸಿಗಳ ಮೋಟಾರು ರಿಪೇರಿ ಮಾಡುವವರು. ನನ್ನ ಪರೀಕ್ಷೆಯ ವರದಿಯನ್ನು ಪೂರ್ತಿ ಕೇಳಿಸಿಕೊಂಡು, ಮೋಟಾರನ್ನು ಮೂಗಿಗೆ ಹಿಡಿದು ಮೂಸಿದರು.

“ಇದು ತಿರಗಿ ತಿರಗಿ ಸುಟ್ಟಿಲ್ಲ ಸರ. ನಿಂತು ಸುಟ್ಟದ.”

“ಅಂದ್ರ?”

“ಓವನ್ ಬಂದ್ ಮಾಡಿದ ಮ್ಯಾಲೂ ಈ ಫ್ಯಾನ್ ಹತ್ತು ಹದಿನೈದು ಮಿನಿಟ್ ತಿರಗಬೇಕ್ರಿ. ಒಳಗಿನ ಧಗೀ ಹೊರಗ ಹಾಕ್ತದ. ಗ್ವಾಡಿ ಸ್ವಿಚ್ಚೇ ಬಂದ್ ಮಾಡಿಬಿಟ್ರ ಫ್ಯಾನ್ ನಿಂತು, ಆ ಧಗ್ಯಾಗ ಮೋಟಾರ್ ಕುದೀತದ. ನಿಮ್ಮ ಮನ್ಯಾಗ ಯಾರಿಗರೆ ಆ ಆದತ್ ಅದ ಏನ್ರಿ?”

“ವಿಚಾರಿಸಬೇಕು” ಎಂದೆ.

ಸರಿಹೊಂದುವ ಹೊಸ ಮೋಟಾರನ್ನು ಅವರು ಹುಡುಕಿ ಕೊಟ್ಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ವಿಚಾರಿಸಿದೆ. ಆರೋಪಿ ಒಬ್ಬನೇ ಇದ್ದ. ಮೋಟಾರು ಹಳೆಯದಾದ್ದರಿಂದ ಹೀಗಾಯಿತು ಎಂದುಬಿಟ್ಟರೆ ಮುಗಿಯುತ್ತಿತ್ತು, ಬೀಗರ ಬಚ್ಚಲಿನಂತೆ ಇದೂ ಮುಚ್ಚಿಹೋಗುತ್ತಿತ್ತು. ಆದರೆ “ನಂದೇ ತಪ್ಪು” ಎಂದ ಸುಮಂಗಲಾಳ ದನಿ ಕಿವಿ ಬಿಡಲಿಲ್ಲ. ಮಾಡದ ತಪ್ಪನ್ನು ನನ್ನ ಮಾತು ನಂಬಿ ಅವಳು ತಂಗಿಯ ಮುಂದೆ ಒಪ್ಪಿಕೊಂಡಿದ್ದಳು.

ಮನೆಗೆ ಬಂದು ನಾಲ್ಕು ಸ್ಕ್ರೂ ಬಿಗಿದು, ವೈರು ಸಿಕ್ಕಿಸಿ, ತಗಡು ಮುಚ್ಚಿದೆ. ಫ್ಯಾನು ಸದ್ದಿಲ್ಲದೆ ತಿರುಗಿತು. ಅವಳು ಮೊದಲ ತಟ್ಟೆ ಒಳಗಿಟ್ಟಾಗ ಗೋಡೆಗೆ ಮುಖ ಮಾಡಿ ಹೇಳಿದೆ: “ಮೋಟಾರ್ ಸುಟ್ಟಾಂವ ನಾನೇ. ನೀ ಅಲ್ಲ. ನಿನ್ನ ತಂಗಿಗೂ ಹೇಳ್ತೀನಿ.”

“ಈಗೇ ಹೇಳ್ರಿ” ಎಂದು ಫೋನು ಹಚ್ಚಿಯೇ ಕೊಟ್ಟಳು. ಐನಾಪುರದ ಕಡೆಯಿಂದ ಮೂರ್ನಾಲ್ಕು ಹೆಂಗಸರು ಒಟ್ಟಿಗೆ ನಕ್ಕದ್ದು ಕೇಳಿಸಿತು.

ನಾನಖಟಾಯಿ ಬೆಂದವು. ಅವಳು ಓವನ್ ಆರಿಸಿದಳು, ಫ್ಯಾನು ತಿರುಗುತ್ತಲೇ ಇತ್ತು. ಎಲ್ಲ ತಿಳಿದೂ ನನ್ನ ಬೆರಳು ನನ್ನನ್ನು ಕೇಳದೆ ಗೋಡೆಯ ಕಡೆಗೆ ಹೊರಟಿತ್ತು. ಸುಮಂಗಲಾ ಅಲ್ಲಿದ್ದ ಚೀಟಿಯನ್ನು ಕಿತ್ತು, ರಾಶಿ ನಾನಖಟಾಯಿ ತುಂಬಿದ ದೊಡ್ಡ ಪರಾತವನ್ನು ನನ್ನ ಕೈಗಿಟ್ಟಳು.

“ಎರಡೂ ಕೈಲೆ ಹಿಡ್ಕೊಂಡು ನಿಂದರ್ರಿ. ಫ್ಯಾನ್ ನಿಂತ ಮ್ಯಾಲೆ ಇಡ್ರಿ.”

ಈಗ ಪ್ರತಿ ಸಲವೂ ಹೀಗೇ. ಹದಿನೈದು ನಿಮಿಷ ಮೂಗಿನ ಕೆಳಗೇ ಬಿಸಿ ನಾನಖಟಾಯಿ. ಒಂದನ್ನಾದರೂ ಬಾಯಿಗೆ ಹಾಕಿಕೊಳ್ಳೋಣವೆಂದರೆ ಕೈ ಖಾಲಿಯಿಲ್ಲ.