ಮಾರ್ಗಸೂಚಿಗೆ ಅಂಕ, ಮನೆಯವರಿಗೆ ಕಿತ್ತಳೆ

ನನ್ನ ಗಂಡನ ಮಾನವನ್ನು ಹಾಡಹಗಲೇ ಊಟದ ಮೇಜಿನ ಮೇಲೆ ಹರಡಿಟ್ಟವಳು ನಾನೇ.

ನಾನು ತುಮಕೂರಿನ ಒಂದು ಮೆಡಿಕಲ್ ಕಾಲೇಜಿನಲ್ಲಿ ಅಂಕಿಅಂಶದ ಪಾಠ ಹೇಳುವವಳು. ಗಂಡಸರ ನಿಮಿರು ದೌರ್ಬಲ್ಯಕ್ಕೆ ದೇಶವಿದೇಶದ ವೈದ್ಯ ಮಹಾಮಂಡಲಗಳು ಬರೆದ ಚಿಕಿತ್ಸಾ ಮಾರ್ಗಸೂಚಿಗಳನ್ನು ಓದಿ, ಗುಣಮಟ್ಟಕ್ಕೆ ಅಂಕ ಕೊಡುವ ಕೆಲಸ ೨೦೦೪ರ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂತು. ಮಗಳು ಇಂಪನಾಗೆ ರಾಗಿ ಸರಿ ತಿನ್ನಿಸುತ್ತಲೇ ಓದಿದೆ. ಆಹಾ, ಏನು ಗಾಂಭೀರ್ಯ! ಪುರಾವೆ ಎಲ್ಲಿಯದು? ಔಷಧ ಕಂಪನಿಯವರ ಕೈವಾಡವಿದೆಯೇ? ರೋಗಿಗೆ ಏನು ಬೇಕೆಂದು ಅವನನ್ನೇ ಯಾರಾದರೂ ಕೇಳಿದರೇ? ಈ ಕೊನೆಯದರಲ್ಲಿ ಮಹಾಮಹೋಪಾಧ್ಯಾಯರೇ ಮುಗ್ಗರಿಸಿದ್ದರು. ನಿರ್ದಾಕ್ಷಿಣ್ಯವಾಗಿ ಅಂಕ ಕತ್ತರಿಸಿದೆ. (ರಾಗಿ ಸರಿ ಸಿಡಿದ ಪುಟಗಳಿಗೂ ರಿಯಾಯಿತಿ ಇರಲಿಲ್ಲ.)

ಗುಬ್ಬಿಯಿಂದ ಬಂದಿದ್ದ ಅತ್ತೆ ಲಕ್ಷ್ಮೀದೇವಮ್ಮನವರು ಮೇಜಿನ ಮೇಲಿನ ಹಾಳೆಯಲ್ಲಿದ್ದ ಚಿತ್ರ ನೋಡಿ, ಮಗನಿಗೇ ಈ ಕಾಯಿಲೆ ಎಂದು ಬೆಚ್ಚಿದರು. ನನ್ನನ್ನು ಒಂದು ಮಾತೂ ಕೇಳದೆ ಮೂಲೆಯ ಕಾಯಿನ್ ಬೂತಿಗೆ ಓಡಿದರು. ಸಂಜೆಗೆ ಕುಣಿಗಲ್ಲಿನಿಂದ ಅವರ ತಮ್ಮ ಚಿಕ್ಕರಂಗಯ್ಯ ಹಾಜರು! ಕಾಯಿಲೆಯವರನ್ನು ನೋಡಲು ಬರುವ ಪದ್ಧತಿಯಂತೆ ಬ್ರೆಡ್ಡು, ಕಿತ್ತಳೆಹಣ್ಣಿನ ಸಮೇತ.

"ಹೆಂಗಿದೀಯಲಾ ನಾಗಭೂಷಣ?"

"ಚೆನ್ನಾಗಿದೀನಲ್ಲ ಮಾವ. ಯಾಕೆ, ಏನಾಯ್ತು?" ಎಂದರು ನಮ್ಮ ಯಜಮಾನರು.

"ಬುಡು, ಮುಚ್ಚಿಡಬ್ಯಾಡ. ಗಂಡಸ್ರಿಗೆ ಬರೋದೇ ಕಣಪ್ಪ."

ಇವರು ಕಿತ್ತಳೆ ನೋಡಿದರು, ಹಾಳೆ ನೋಡಿದರು, ನನ್ನನ್ನು ನೋಡಿದರು. ಸುದ್ದಿ ಬೆಳಗಿನ ಬಸ್ಸು ಹತ್ತಿ ಗುಬ್ಬಿ ಸೇರುವ ಮೊದಲು ಪತಿಯ ಮಾನ ಕಾಯಬೇಕಿತ್ತು. ಸೆರಗು ಸಿಕ್ಕಿಸಿ ನಿಂತೆ.

"ಮಾವ, ಇದು ಇವರ ಕಾಯಿಲೆ ಅಲ್ಲ. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋ ಹಾಗೆ, ಡಾಕ್ಟ್ರುಗಳು ಬರೆದಿರೋದನ್ನ ತಿದ್ತಾ ಇದೀನಿ."

"ಇದುಕ್ಕೂ ಮಾರ್ಕ್ಸ್ ಹಾಕ್ತಾರೇನವ್ವ!"

"ಹೂಂ. ಇವರಿಗೆ ಏನೂ ಆಗಿಲ್ಲ."

ಅತ್ತೆ ದೇವರಿಗೆ ಕೈಮುಗಿದು ಕಾಫಿ ತರಲು ಹೋದರು. ಮಾವನ ಮುಖ ಮಾತ್ರ ಬಾಡಿತು. "ಒಳ್ಳೇದಾಯ್ತು ಬುಡು" ಎಂದು ಚಪ್ಪಲಿ ಹುಡುಕುತ್ತಾ, "ಸಕ್ಕರೆ ಕಾಯಿಲೆ ಬಂದಾಗ್ಲಿಂದ ನಂಗೂ ಹಿಂಗೇ. ಜೊತೆಗೊಬ್ಬ ಸಿಕ್ದ ಅಂತ ಬಂದೆ" ಎಂದು ಗೊಣಗಿದರು.

ಇವರು ಒಂದು ಕ್ಷಣವೂ ತಡೆಯಲಿಲ್ಲ. "ಇವಳ ಮಾತು ಕಟ್ಕೋಬೇಡಿ ಮಾವ, ನಾಚ್ಕೆಗೆ ಹಂಗಂತಾಳೆ. ನಂಗೂ ಐತೆ. ನಾಳೆ ಇಬ್ರೂ ಒಟ್ಟಿಗೇ ಡಾಕ್ಟ್ರ ಹತ್ರ ಹೋಗಣ."

ಅಡುಗೆಮನೆ ಬಾಗಿಲಲ್ಲಿ ಇದನ್ನು ಕೇಳಿಸಿಕೊಂಡ ಅತ್ತೆ ಕಾಫಿ ಲೋಟಗಳನ್ನು ಅಲ್ಲೇ ಇಟ್ಟು ಮತ್ತೆ ಬೂತಿಗೆ ಓಡಿದರು. ನಾನಂತೂ ಬೆರಗಾಗಿ ನಿಂತೆ. ತನ್ನ ಮಾನವನ್ನು ಟವೆಲ್ಲಿನಂತೆ ಒದರಿ ಇನ್ನೊಬ್ಬರ ಹೆಗಲಿಗೆ ಹೊದಿಸುವ ಗಂಡಸಿನ ಬಗ್ಗೆ ಯಾವ ಖಂಡದ ಮಾರ್ಗಸೂಚಿಯಲ್ಲೂ ಬರೆದಿರಲಿಲ್ಲ.

ಮಾರನೇ ದಿನ ಇಬ್ಬರೂ ಬೀಗರ ಮನೆಗೆ ಹೊರಟವರಂತೆ ಇಸ್ತ್ರಿ ಷರ್ಟು ತೊಟ್ಟು ಹೊರಟರು. ಇತ್ತ ಗುಬ್ಬಿಯ ನೆಂಟರು ಬರತೊಡಗಿದರು. ಇವರ ದೊಡ್ಡಮ್ಮ ನನ್ನ ತಲೆ ಸವರಿ, "ಸಣ್ ವಯಸ್ಸು. ಹೆಂಗೆ ಸೈಸ್ಕೊಂಡಿದೀಯೇ ನನ್ ತಾಯಿ!" ಎಂದು ಕಣ್ಣೀರಿಟ್ಟರು.

ನಿಜ ಹೇಳಿದರೆ ಮಾವ ಮತ್ತೆ ಒಂಟಿ. "ಹೂಂ" ಎಂದು ತಲೆ ತಗ್ಗಿಸಿದೆ.

ಆದರೆ ನನಗೀಗ ಮೂರನೇ ತಿಂಗಳು. ಈ ವಾರ ಎಲ್ಲರಿಗೂ ಹೇಳಬೇಕೆಂದಿದ್ದ ಸಿಹಿಸುದ್ದಿಯನ್ನು ಇನ್ನು ಯಾವ ಬಾಯಲ್ಲಿ ಹೇಳಲಿ?